ನ್ಯೂಟ್ರಲ್‌ನಲ್ಲಿ ಬಿಟ್ಟ ಕಾರು

ಬೆಳಿಗ್ಗೆ ಎದ್ದು ದೇವರಿಗೆ ಕೈಮುಗಿಯುವ ಮೊದಲು ಕಾರಿಗೆ ಒಂದು ಸುತ್ತು ಬರುವ ಅಭ್ಯಾಸ ನನಗಿದೆ. ನಗಬೇಡಿ. ನಿಮ್ಮ ಹತ್ತಿರವೂ ಒಂದು ಕಾರಿದ್ದು, ಅದನ್ನು ಮುಂಬಯಿಯ ಯಾವುದಾದರೂ ಸೊಸೈಟಿಯ ಕಾಂಪೌಂಡಿನಲ್ಲಿ ಒಂಟಿಯಾಗಿ ಬಿಟ್ಟು ಮಲಗಿದವರಾದರೆ ನೀವೂ ಹೀಗೇ ಪೈಜಾಮದ ಲಾಡಿ ಬಿಗಿಯುತ್ತ ಕೆಳಗಿಳಿದು, ಸೊಂಟ ಬಗ್ಗಿಸಿ ಒಂದೊಂದೇ ಬಾಗಿಲನ್ನು ನೋಡುತ್ತೀರಿ. ನೆಗ್ಗು ನೇರವಾಗಿ ನೋಡಿದರೆ ಕಾಣುವ ವಸ್ತುವಲ್ಲ. ಮದುವೆಮನೆಯಲ್ಲಿ ಸೋದರತ್ತೆ ಬೇರೆಯವರ ಸೀರೆ ನೋಡುವ ಹಾಗೆ ಓರೆಯಾಗಿ, ನೋಡಿಯೂ ನೋಡದಂತೆ ನೋಡಬೇಕು. ಆಗ ಬಾಗಿಲ ನಡುವೆ ಬೆಳಕು ಎಡವಿದ ಜಾಗ ಕಾಣುತ್ತದೆ. ಕಂಡ ಮೇಲೆ ಆ ದಿನದ ಚಹಾ ರುಚಿಸುವುದಿಲ್ಲ.

ಮೊನ್ನೆ ನಮ್ಮ ಬಿಲ್ಡಿಂಗಿಗೆ ಹೊಸದಾಗಿ ಬಂದ ಎಳೆಯ ದಂಪತಿಗಳು ತಮ್ಮ ಹೊಸ ಕಾರಿನ ಬಾಗಿಲುಗಳ ಅಂಚಿಗೆ ಸ್ಪಂಜಿನ ಪಟ್ಟಿ ಅಂಟಿಸುತ್ತಿದ್ದರು. ಗಂಡ ಅಳತೆ ಹಿಡಿಯುತ್ತಿದ್ದ, ಹೆಂಡತಿ ಕತ್ತರಿಸುತ್ತಿದ್ದಳು. ಇಬ್ಬರ ಮುಖದಲ್ಲೂ ಮಗುವಿಗೆ ದೃಷ್ಟಿಬೊಟ್ಟು ಇಡುವವರ ಗಂಭೀರತೆ ಇತ್ತು. ಏನಾದರೂ ಬುದ್ಧಿಮಾತು ಹೇಳೋಣವೆಂದು ಬಾಯಿ ತೆರೆದವನು ಸುಮ್ಮನೆ ಮೇಲೆ ಬಂದುಬಿಟ್ಟೆ. ಅವರಿಗೆ ಹೇಳಲಾಗದ್ದನ್ನು ಈಗ ನಿಮ್ಮ ಮುಂದೆ ಹರಡುತ್ತಿದ್ದೇನೆ.

ನಾನು ಹುಟ್ಟಿ ಬೆಳೆದದ್ದು ವಡಾಲದ ಒಂದು ಚಾಳಿನಲ್ಲಿ. ಅಪ್ಪ ಗದಗಿನ ಕಡೆಯಿಂದ ಬಂದು ಬಂದರಿನಲ್ಲಿ ಮೂಟೆ ಎಣಿಸುವ ಕೆಲಸಕ್ಕೆ ಸೇರಿದ್ದ. ಚಾಳಿಗೆಲ್ಲ ಒಂದೇ ನಲ್ಲಿ. ನೀರು ಬರುವ ಮೊದಲೇ ಹಂಡೆ, ಕೊಡ, ಬಕೀಟುಗಳು ಸಾಲಾಗಿ ಕೂತಿರುತ್ತಿದ್ದವು, ಅವುಗಳ ಒಡತಿಯರು ಹಿಂದೆ ನಿಂತು ಹಲ್ಲುಜ್ಜುತ್ತಿದ್ದರು. ನೀರು ಬಂದ ಕೂಡಲೇ ಪಾತ್ರೆಗೆ ಪಾತ್ರೆ ಬಡಿದು ಎದ್ದ ಸದ್ದಿಗೆ ಮೂರನೇ ಮಾಳಿಗೆಯವರೂ ಎಚ್ಚರಾಗುತ್ತಿದ್ದರು. ಹೀಗಾಗಿ ನಮ್ಮ ಚಾಳಿನಲ್ಲಿ ನೆಗ್ಗದ ಪಾತ್ರೆ ಎಂದರೆ ಮೊನ್ನೆ ಮದುವೆಯಾದವರ ಪಾತ್ರೆ ಎಂದೇ ಲೆಕ್ಕ.

ನಮ್ಮ ತಾಮ್ರದ ಹಂಡೆಯ ಹೊಟ್ಟೆಯಲ್ಲಿ ಅಂಗೈ ಇಟ್ಟರೆ ಸರಿಯಾಗಿ ಕೂರುವಂಥ ನೆಗ್ಗೊಂದಿತ್ತು. ಅವ್ವ ಆ ಸಾಲಿನಲ್ಲಿ ತನ್ನ ಹಂಡೆಯನ್ನು ಕಣ್ಣುಮುಚ್ಚಿ ಹಿಡಿಯುತ್ತಿದ್ದಳು. ಒಮ್ಮೆ ಕಲಾಯಿ ಹಾಕುವವನು ಬಂದಾಗ ಅಪ್ಪನಿಗೆ ಉತ್ಸಾಹ ಬಂದು, ಕಲಾಯಿಯ ಜೊತೆಗೆ ನೆಗ್ಗನ್ನೂ ಬಡಿಸಿ ಸಮ ಮಾಡಿಸಿದ. ಮರುದಿನ ಅವ್ವ ನಲ್ಲಿಯಿಂದ ಹೊತ್ತು ತಂದದ್ದು ಪಕ್ಕದ ಮನೆಯವರ ಹಂಡೆ. ಅವರು ಜಗಳಕ್ಕೆ ಬಂದರು, ಅವ್ವ ಹೆದರದೆ ಎದುರಿಸಿದಳು, ಕೊನೆಗೆ ತಪ್ಪು ತಿಳಿದ ಮೇಲೆ ಅವರ ಮೇಲಿನ ಸಿಟ್ಟನ್ನೆಲ್ಲ ಅಪ್ಪನ ಮೇಲೆ ತೀರಿಸಿಕೊಂಡಳು. ಅಪ್ಪ ಆಮೇಲೆ ಯಾವ ಪಾತ್ರೆಯ ತಂಟೆಗೂ ಹೋಗಲಿಲ್ಲ.

ಅಂಥ ಮನೆಯಲ್ಲಿ ಬೆಳೆದ ನನಗೆ ಕಾರಿನ ವಿಷಯದಲ್ಲಿ ಈ ಮಡಿ ಎಲ್ಲಿಂದ ಬಂತೋ ಗೊತ್ತಿಲ್ಲ. ಬಂದರಿನ ಕಚೇರಿಯಲ್ಲಿ ನಾನೂ ಅಪ್ಪನ ಹಾಗೆಯೇ ಎಣಿಸುತ್ತ ಕೂತು, ನಿವೃತ್ತಿಗೆ ಹತ್ತಿರ ಬಂದಾಗ ಒಂದು ಬಿಳಿ ಕಾರು ಕೊಂಡೆ. ತಡವಾಗಿ ಹುಟ್ಟಿದ ಮಕ್ಕಳ ಮೇಲೆ ಮುದ್ದು ಹೆಚ್ಚಂತೆ, ನನಗೂ ಹಾಗೇ ಆಯಿತು.

ನಮ್ಮ ಸೊಸೈಟಿ ಇರುವುದೂ ವಡಾಲದಲ್ಲೇ. ಅದನ್ನು ಕಟ್ಟಿದ ಕಾಲಕ್ಕೆ ಅಲ್ಲಿ ಯಾರ ಹತ್ತಿರವೂ ಕಾರಿರಲಿಲ್ಲ, ಹಾಗಾಗಿ ಕಾರು ನಿಲ್ಲಿಸಲು ಜಾಗವನ್ನೂ ಬಿಡಲಿಲ್ಲ. ಈಗ ಇರುವ ಅಂಗಳದಲ್ಲೇ ಎರಡು ಸಾಲು. ಹಿಂದಿನ ಸಾಲಿನವರು ಹೊರಗೆ ಹೋಗಬೇಕಾದರೆ ಮುಂದಿನ ಸಾಲಿನ ಕಾರು ಸರಿಯಬೇಕು. ಪ್ರತಿ ಸಲ ಮಾಲೀಕನನ್ನು ಕೂಗಿ ಕರೆಯುವುದು ಆಗದ ಮಾತು. ಆದ್ದರಿಂದ ನೋಟೀಸ್ ಬೋರ್ಡಿನಲ್ಲಿ ಕೆಂಪು ಅಕ್ಷರದ ಮರಾಠಿಯಲ್ಲಿ ಬರೆದು ಹಾಕಿದ್ದಾರೆ: 'ಗಾಡಿ ನ್ಯೂಟ್ರಲ್‌ಮಧ್ಯೇ ಠೇವಾ.' ಅಂದರೆ ಗೇರು ಬಿಡಿಸಿ, ಹ್ಯಾಂಡ್‌ಬ್ರೇಕ್ ಇಳಿಸಿ, ಕಾರನ್ನು ಜನರ ಕೈಗೆ ಒಪ್ಪಿಸಿ ಹೋಗಬೇಕು. ಯಾರಿಗೆ ಬೇಕೋ ಅವರು ತಳ್ಳಿಕೊಳ್ಳುತ್ತಾರೆ. ನೆಲ ಮಟ್ಟಸವಾಗಿದೆ, ತಳ್ಳಿದಷ್ಟೇ ಹೋಗುತ್ತದೆ. ಹ್ಯಾಂಡ್‌ಬ್ರೇಕ್ ಎಳೆದು ಹೋದವನಿಗೆ ಮಾತ್ರ ಇಲ್ಲಿ ಕ್ಷಮೆಯಿಲ್ಲ. ಹಿಂದೊಬ್ಬರು ಹಾಗೆ ಎಳೆದು ಪುಣೆಗೆ ಹೋಗಿ ಕೂತಾಗ ಹಿಂದಿನ ಸಾಲಿನ ವರ ತನ್ನ ನಿಶ್ಚಿತಾರ್ಥಕ್ಕೆ ಲೋಕಲ್ ಟ್ರೈನಿನಲ್ಲಿ ಹೋಗಬೇಕಾಯಿತು. ಅವರನ್ನು ಇವತ್ತಿಗೂ ಬಿಲ್ಡಿಂಗಿನಲ್ಲಿ ಯಾರೂ ಬಾಯಿತುಂಬ ಮಾತಾಡಿಸುವುದಿಲ್ಲ.

ಬೆಳಿಗ್ಗೆ ನಮ್ಮ ಅಂಗಳ ನೋಡಬೇಕು ನೀವು. ಟೈ ಕಟ್ಟಿದವರು, ಟವೆಲ್ ಸುತ್ತಿದವರು ಎಲ್ಲ ಸೇರಿ ಒಬ್ಬರ ಕಾರನ್ನು ಇನ್ನೊಬ್ಬರು ತಳ್ಳುತ್ತಿರುತ್ತಾರೆ. ಮಾಟುಂಗದಲ್ಲಿ ಹೋಟೆಲು ನಡೆಸುವ ನಮ್ಮ ನೆರೆಯ ಶೆಟ್ಟರು ಕೈ ಹಚ್ಚಿ ತಳ್ಳುವುದಿಲ್ಲ. ತಿರುಗಿ ನಿಂತು ಬೆನ್ನು ಕೊಡುತ್ತಾರೆ. ಸ್ವಂತ ಹೋಟೆಲಿನ ಊಟವನ್ನೇ ಉಂಡು ಬೆಳೆದ ದೇಹ ಅದು. ಅವರು ತಳ್ಳಿದ ಕಾರು ತುಸು ದೂರ ಹೋಗುವುದೂ ಉಂಟು, ತುಸು ಒಳಗೆ ಹೋಗುವುದೂ ಉಂಟು. "ನಿಮ್ಮ ಕಾರಿನ ತಗಡು ಎಂತ ಪಾಟೀಲರೆ, ಹಪ್ಪಳದ ಹಾಗೆ ಉಂಟಲ್ಲ!" ಎಂದು ನನಗೇ ಹೇಳುತ್ತಾರೆ.

ಹೀಗೆ ಸಣ್ಣಪುಟ್ಟ ನೋವುಗಳೊಂದಿಗೆ ನಾನೂ ನನ್ನ ಕಾರೂ ಸುಖವಾಗಿದ್ದೆವು. ಆದರೆ ಮುಂಬಯಿಯ ಟ್ರಾಫಿಕ್ಕಿನಲ್ಲಿ ಕ್ಲಚ್ ಒತ್ತಿ ಒತ್ತಿ ನನ್ನ ಎಡ ಮೊಣಕಾಲು ಕೈಕೊಟ್ಟಿತು. ಮೊಣಕಾಲು ಬೇಕೋ ಕಾರು ಬೇಕೋ ನೋಡಿಕೊಳ್ಳಿ ಎಂದರು ಡಾಕ್ಟರು. ಮಾರಿಬಿಡು ಎಂದರು ಎಲ್ಲರೂ. ನನ್ನ ಹೆಂಡತಿ ಸುಮಿತ್ರಾ ಮಾತ್ರ, ರೊಟ್ಟಿ ತಟ್ಟುತ್ತಿದ್ದವಳು ಕೈ ನಿಲ್ಲಿಸದೆ, "ನಾ ಕಲೀತೀನಿ ತಗೋರಿ" ಎಂದಳು.

ಅವಳಿಗೆ ಕಾರು ಬೇಕಾದದ್ದು ಶನಿವಾರಗಳಿಗಾಗಿ. ಅವಳದೊಂದು ಭಜನಾ ಮಂಡಳಿ ಇದೆ. ಅವಳು, ಮೇಲಿನ ಮನೆಯ ಪದ್ಮಕ್ಕ, ಇನ್ನಿಬ್ಬರು. ಪ್ರತಿ ಶನಿವಾರ ಯಾರಾದರೂ ಕನ್ನಡಿಗರ ಮನೆಯಲ್ಲಿ ಹಾಡು. ಜೊತೆಗೊಂದು ಹಾರ್ಮೋನಿಯಂ, ನಮ್ಮವರ ಬಾಯಲ್ಲಿ ಪೇಟಿ. ಅದನ್ನು ಹಿಡಿದು ಲೋಕಲ್ ಹತ್ತಿದರೆ ಇಳಿಯುವಾಗ ಕೈಯಲ್ಲಿ ಹಿಡಿಕೆ ಉಳಿದೀತು ಅಷ್ಟೆ. ನಾನು ಅವರ ಸಾರಥಿಯೂ ಆಗಿದ್ದೆ, ತಾಳ ಹಾಕುವವನೂ ಆಗಿದ್ದೆ. ತಾಳಕ್ಕೆ ನನ್ನನ್ನು ಬಿಟ್ಟು ಬೇರೆ ಯಾರನ್ನು ತಂದರೂ ಮಂಡಳಿಗೆ ಒಳ್ಳೆಯದಾಗುತ್ತಿತ್ತು, ಸಾರಥಿಗೆ ಮಾತ್ರ ಬದಲಿ ಇರಲಿಲ್ಲ.

ಐವತ್ತು ದಾಟಿದ ಸುಮಿತ್ರಾ ಡ್ರೈವಿಂಗ್ ಶಾಲೆಗೆ ಸೇರಿದಳು. ಶಾಲೆಯವನು ಕಲಿಸಿದ್ದನ್ನೆಲ್ಲ ಚೆನ್ನಾಗಿ ಕಲಿತಳು. ಆದರೆ ಕಾರು ನಿಲ್ಲಿಸಿದ ಕೂಡಲೇ ಹ್ಯಾಂಡ್‌ಬ್ರೇಕ್ ಎಳೆಯಬೇಕೆಂದು ಅವನು ಹೇಳಿಕೊಟ್ಟಿದ್ದ. ನಮ್ಮ ಅಂಗಳದಲ್ಲಿ ಅದು ನಡೆಯುವಂತಿಲ್ಲ. ಹಾಗಾಗಿ ಆ ಪಾಠವನ್ನು ಅಳಿಸುವ ಕೆಲಸ ನನಗೆ ಬಂತು. ಅವಳು ಗೇಟಿನೊಳಗೆ ಬಂದು ನಿಲ್ಲಿಸಿದಾಗಲೆಲ್ಲ ಪಕ್ಕದಲ್ಲಿ ಕೂತು, "ಗೇರ್ ಬಿಡಿಸು, ಬ್ರೇಕ್ ಇಳಸು, ಈಗ ಇಳಿ" ಎಂದು ಮಂತ್ರದಂತೆ ಹೇಳಿಸಿದೆ. ಕೊನೆಕೊನೆಗೆ ಅವಳ ಕೈ ತಾನಾಗಿಯೇ ಆ ಕೆಲಸ ಮಾಡತೊಡಗಿತು.

ಒಬ್ಬಳೇ ಮಾಟುಂಗಕ್ಕೆ ಹೋಗಿ ಹೂ ತಂದ ದಿನ ಅವಳ ಮುಖ ನೋಡಬೇಕಿತ್ತು. ಹೂವನ್ನು ಕಾರಿನಲ್ಲೇ ಮರೆತು ಬಂದಿದ್ದಳು. ಗದಗಿನಲ್ಲಿರುವ ಅಕ್ಕನಿಗೆ ಫೋನ್ ಮಾಡಿ, "ಯಕ್ಕಾ, ನಾ ಗಾಡಿ ಹೊಡದೆ! ಬಸ್ಸಿನಾಂವ ನನಗ ದಾರಿ ಬಿಟ್ಟ!" ಎಂದು ಕೂಗಿದಳು. ಮದುವೆಯಾದಾಗಿನಿಂದ ಅವಳನ್ನು ಅಷ್ಟು ಖುಷಿಯಾಗಿ ನಾನು ಕಂಡಿರಲಿಲ್ಲ.

ಆಮೇಲೆ ಬಾಂದ್ರಾ ಬಂತು. ಗುಡ್ಡ ಏರುವ ಒಂದು ಓಣಿಯ ಮನೆಯಲ್ಲಿ ಆ ಶನಿವಾರದ ಭಜನೆ. ಇಕ್ಕಟ್ಟಿನ ಓಣಿ, ಎಡಬದಿಗೆ ಒಂದೇ ಒಂದು ಖಾಲಿ ಜಾಗ. ಸುಮಿತ್ರಾ ಏರಿನಲ್ಲೇ ಒಂದೇ ಸಲಕ್ಕೆ ಕಾರನ್ನು ಅದರೊಳಗೆ ತೂರಿಸಿದಳು. ಪದ್ಮಕ್ಕ ಚಪ್ಪಾಳೆ ತಟ್ಟಿದರು. ನಾವೆಲ್ಲ ಇಳಿದು ಪೇಟಿ ಇಳಿಸಿಕೊಂಡೆವು. ಸುಮಿತ್ರಾ ಸಾವಕಾಶ ಇಳಿದು, ಬೀಗ ಹಾಕಿ, ಸೆರಗು ಸರಿಪಡಿಸಿಕೊಂಡು ನಮ್ಮ ಕಡೆ ಬಂದಳು. ಚಕ್ರಕ್ಕೆ ಅಡ್ಡವಿದ್ದ ಸಣ್ಣ ಕಲ್ಲೊಂದು ಜಾರಿದ್ದೇ ತಡ, ಅವಳ ಬೆನ್ನ ಹಿಂದೆ ಕಾರು, ಊಟವಾದ ಮೇಲೆ ಹೇಳದೇ ಹೊರಡುವ ನೆಂಟರ ಹಾಗೆ, ಸದ್ದಿಲ್ಲದೆ ಹಿಂದಕ್ಕೆ ಹೊರಟಿತು.

ಗೇರ್ ಬಿಡಿಸಿತ್ತು. ಬ್ರೇಕ್ ಇಳಿದಿತ್ತು. ಅವಳ ಕೈ ವಡಾಲದ ಅಂಗಳದ ನಿಯಮವನ್ನು ಬಾಂದ್ರಾದ ಗುಡ್ಡದ ಮೇಲೆ ತಪ್ಪದೆ ಪಾಲಿಸಿತ್ತು.

ನಾನು ಓಡಿ ಹೋಗಿ ಬದಿಯ ಕನ್ನಡಿ ಹಿಡಿದು ಎಳೆದೆ. ಕನ್ನಡಿ ನನ್ನ ಮಾತು ಕೇಳಿ ಮಡಚಿಕೊಂಡಿತು, ಕಾರು ಕೇಳಲಿಲ್ಲ. ಪುಣ್ಯಕ್ಕೆ ಹಿಂದೆ ಯಾರೂ ಇರಲಿಲ್ಲ. ಕೆಳಗೆ ನಿಂತಿದ್ದ ಒಂದು ಹಳೇ ಕಾಲದ ಕಾರಿಗೆ ಬೆನ್ನು ಒರಗಿಸಿ ನಮ್ಮದು ನಿಂತಿತು. ಸದ್ದು ಕೇಳಿ ಆ ಕಾರಿನ ಪಕ್ಕದ ಮನೆಯಿಂದ ಫ್ರಾಕು ತೊಟ್ಟ ಮುದುಕಿಯೊಬ್ಬರು ಹೊರಬಂದರು. ಅವರ ಕಾರಿನ ಬಂಪರು ಅಪ್ಪಟ ಕಬ್ಬಿಣ, ಅದಕ್ಕೆ ಒಂದು ಗೀರೂ ಬಿದ್ದಿರಲಿಲ್ಲ. ನಮ್ಮ ಡಿಕ್ಕಿಯ ಬಾಗಿಲು ಮಾತ್ರ ಹಿಟ್ಟು ನಾದುವ ಒಂದು ಪರಾತ ಹಿಡಿಸುವಷ್ಟು ಒಳಗೆ ಹೋಗಿತ್ತು. "ಅರೇ ಬಾಬಾ, ಮೇರಾ ಕುಛ್ ನಹೀಂ ಹುವಾ, ಆವೋ, ಪಾನಿ ಪಿಯೋ" ಎಂದು ಆಕೆ ಸುಮಿತ್ರಾಳ ಭುಜ ಹಿಡಿದು ಒಳಗೆ ಕರೆದರು. ತಮಗೆ ಏನೂ ಆಗಿಲ್ಲ ಎಂದು ಆಕೆ ನಗುತ್ತಿದ್ದರೂ ಸುಮಿತ್ರಾ ನಡುಗುತ್ತಿದ್ದಳು. ಆ ಸಂಜೆ ಅವಳು ಹಾಡಲಿಲ್ಲ. ಮನೆಗೆ ನಾನೇ ಮೊಣಕಾಲು ಕಚ್ಚಿಹಿಡಿದು ಕಾರು ತಂದೆ.

"ಇನ್ನ ನಾ ಆ ಸ್ಟೇರಿಂಗಿಗೆ ಕೈ ಹಚ್ಚಂಗಿಲ್ಲ. ಮಾರಿಬಿಡ್ರಿ" ಎಂದಳು.

"ಒಂದು ನೆಗ್ಗಿಗೆ ಇಷ್ಟ್ಯಾಕ ಹೆದರ್ತಿ?"

"ನೆಗ್ಗಲ್ರೀ. ಹಿಂದ ಯಾರರೆ ನಿಂತಿದ್ರ?"

ಉತ್ತರವಿಲ್ಲದ ಗಂಡಸರು ಮಾಡುವುದನ್ನೇ ನಾನೂ ಮಾಡಿದೆ. ರಿಪೇರಿಗೆ ಓಡಾಡಿದೆ. ಗಾಯದ ಗುರುತೇ ಇಲ್ಲದಂತೆ ಮಾಡಿಸಿದರೆ ಅವಳ ಹೆದರಿಕೆಯೂ ಹೋದೀತೆಂದು ನನ್ನ ಲೆಕ್ಕಾಚಾರ.

ಮೊದಲು ದೊಡ್ಡ ಸರ್ವೀಸ್ ಸೆಂಟರಿಗೆ ಹೋದೆ. ಏಸಿ ಕೋಣೆಯಲ್ಲಿ ಕೂರಿಸಿ, ಕಾಫಿ ಕೊಟ್ಟು, ಬಾಗಿಲನ್ನೇ ಬದಲಿಸಬೇಕು ಎಂದರು. ಬಾಗಿಲು ಬದಲಿಸಿದರೆ ಬಣ್ಣ ಬೇರೆ ಕಾಣುತ್ತದೆ, ಹಾಗಾಗಿ ಪಕ್ಕದ್ದಕ್ಕೂ ಬಣ್ಣ, ಅದರ ಪಕ್ಕದ್ದಕ್ಕೂ ಬಣ್ಣ. ಇನ್ನು ಸ್ವಲ್ಪ ಹೊತ್ತು ಕೂತಿದ್ದರೆ ನನಗೂ ಒಂದು ಕೋಟಿಂಗ್ ಬಳಿಯುತ್ತಿದ್ದರು. ಕೊಟ್ಟ ಅಂದಾಜಿನ ಕೊನೆಯ ಸಾಲು ನೋಡಿದ ಮೇಲೆ, ಅದೊಂದಾದರೂ ದಕ್ಕಲಿ ಎಂದು ಕಾಫಿಯ ತಳದವರೆಗೂ ಕುಡಿದು ಎದ್ದುಬಂದೆ.

ಶೆಟ್ಟರು ಬಬ್ಬನ್ ಭಾಯಿಯ ಹತ್ತಿರ ಕಳಿಸಿದರು. ವಡಾಲ ಸ್ಟೇಶನ್ನಿನ ಆಚೆ ಫುಟ್‌ಪಾತಿನ ಮೇಲೆ ಅವನ ಡೆಂಟಿಂಗ್-ಪೇಂಟಿಂಗ್ ಅಂಗಡಿ. ಅವನು ನೆಗ್ಗನ್ನು ಅಂಗೈಯಿಂದ ಸವರಿ, "ಮಕ್ಖನ್ ಜೈಸಾ ನಿಕಲೇಗಾ ಸಾಬ್, ಶಾಮ್ ಕೋ ಲೇ ಜಾನಾ" ಎಂದ. ಬೆಣ್ಣೆಯ ಹಾಗೆ ಎದ್ದುಬರುತ್ತದೆ, ಸಂಜೆಗೆ ತೆಗೆದುಕೊಂಡು ಹೋಗಿ. ಯಾವ ಸಂಜೆ ಎಂದು ನಾನು ಕೇಳಬೇಕಿತ್ತು. ಮೊದಲ ಸಂಜೆ ಬಾಗಿಲು ಕಳಚಿತ್ತು. ಇನ್ನೊಂದು ಸಂಜೆ ಬಬ್ಬನ್ ಮದುವೆಗೆ ಹೋಗಿದ್ದ. ಮತ್ತೊಂದು ಸಂಜೆ ಬಣ್ಣ ಬಳಿದು ಮುಗಿದಿತ್ತು, ಆದರೆ ಮಳೆ ಬಂದು ಒಣಗಿರಲಿಲ್ಲ. ನಾನು ದಿನವೂ ಹೋಗಿ ಅವನ ಸ್ಟೂಲಿನ ಮೇಲೆ ಕೂತು ಅರ್ಧ ಲೋಟದ ಕಟಿಂಗ್ ಚಾಯ್ ಕುಡಿಯತೊಡಗಿದೆ. ಕ್ರಮೇಣ ದಾರಿಹೋಕರು ನನ್ನನ್ನೇ ಅಂಗಡಿಯವನೆಂದು ತಿಳಿದು ತಮ್ಮ ಕಾರಿನ ಗಾಯ ತೋರಿಸತೊಡಗಿದರು. ನಾನೂ ಅಂಗೈಯಿಂದ ಸವರಿ, "ಶಾಮ್ ಕೋ" ಎನ್ನುತ್ತಿದ್ದೆ.

ಬಿಳಿ ಬಣ್ಣ ಒಂದೇ ಎಂದು ನಂಬಿದವನು ನಾನು. ಬಬ್ಬನ್ ಹಚ್ಚಿದ ಮೊದಲ ಬಿಳಿ ಮಜ್ಜಿಗೆಯ ಬಿಳಿ, ಎರಡನೆಯದು ಸುಣ್ಣದ ಬಿಳಿ. ಹಟ ಹಿಡಿದು ಮತ್ತೆ ಮಾಡಿಸಿದೆ. ಕೊನೆಗೊಂದು ಮಧ್ಯಾಹ್ನ ಕಾರು ಅಂಗಡಿಯಿಂದ ಈಗಷ್ಟೇ ಕೊಂಡ ಹಾಗೆ ಹೊಳೆಯುತ್ತ ಮನೆಗೆ ಬಂತು. ಸುಮಿತ್ರಾಳನ್ನು ಕೆಳಗೆ ಕರೆದು, "ನೋಡು, ಏನರೆ ಗೊತ್ತಾಗ್ತೈತೇನು?" ಎಂದು ಬೀಗಿದೆ.

ಅವಳು ಒಂದು ಬೆರಳಿನಿಂದ ಆ ಜಾಗ ಮುಟ್ಟಿ, ಬೆರಳು ಹಿಂದೆ ತೆಗೆದಳು. "ಇಷ್ಟು ಚಂದ ಮಾಡಿಸಿ ಇಟ್ಟೀರಿ. ಇನ್ನ ಇದನ್ನ ಹೊಡಿಯಾಕ ನಾ ಎಲ್ಲಿಂದ ಧೈರ್ಯ ತರ್ಲಿ? ಒಂದು ಗೀರು ಬಿದ್ರ ನಿಮ್ಮ ಮಾರಿ ಹೆಂಗ ಆಗ್ತೈತಿ ಗೊತ್ತೈತೇನು?"

"ನನ್ನ ಮಾರಿ?"

"ಬಾಂದ್ರಾದಾಗ ನಾ ಗಾಡಿ ಎಲ್ಲಿ ನೋಡೀನ್ರಿ? ನಿಮ್ಮ ಮಾರಿ ನೋಡೀನಿ."

ಹೇಳಿ ಮೇಲೆ ಹೋದಳು. ನಾನು ಕಾರಿನ ಪಕ್ಕ ನಿಂತೇ ಇದ್ದೆ. ಬಾಂದ್ರಾದಲ್ಲಿ ಅಂದು, ಯಾರೂ ಹಿಂದೆ ಇಲ್ಲವೆಂದು ನೋಡಿಕೊಂಡ ಮೇಲೆ ನನ್ನ ಕಣ್ಣು ಹೋದದ್ದು ನಡುಗುವ ಹೆಂಡತಿಯ ಕಡೆಗಲ್ಲ, ಡಿಕ್ಕಿಯ ಬಾಗಿಲ ಕಡೆಗೆ. ಅದನ್ನು ಅವಳು ನೋಡಿದ್ದಳು. ನನಗೆ ಬಹಳ ಕೆಟ್ಟದೆನಿಸಿತು. ಈ ನೆಗ್ಗನ್ನು ತೆಗೆಯಲು ಬಬ್ಬನ್‌ನ ಅಂಗಡಿಯಲ್ಲಿ ಯಾವ ಸುತ್ತಿಗೆಯೂ ಇರಲಿಲ್ಲ.

ಶೆಟ್ಟರಿಗೆ ವಿಷಯ ತಿಳಿದು, "ಎಂತಕ್ಕೆ ಸುಮ್ಮನೆ ತಲೆಬಿಸಿ ಮಾರಾಯ್ರೆ? ನಿಮಗೆ ಕಾಲು ಬರುದಿಲ್ಲ, ಅಕ್ಕನಿಗೆ ಮನಸ್ಸು ಬರುದಿಲ್ಲ. ನನ್ನ ಭಾವನಿಗೆ ಒಂದು ಗಾಡಿ ಬೇಕಂತೆ, ಆದಿತ್ಯವಾರ ಬಂದು ನೋಡ್ತಾನೆ" ಎಂದರು. ಸುಮಿತ್ರಾ, "ಬರ್ಲಿ" ಎಂದಳು. ಶನಿವಾರಗಳು ನಿಂತುಹೋಗುತ್ತವಲ್ಲ ಎಂದು ನಾನು ಅಂದದ್ದಕ್ಕೆ, ಅವಳು ಟೀವಿಯ ಸದ್ದು ಹೆಚ್ಚು ಮಾಡಿದಳು.

ಆ ಆದಿತ್ಯವಾರದ ಹಿಂದಿನ ದಿನ ಶ್ರಾವಣ ಶನಿವಾರ. ಮಾಟುಂಗದಲ್ಲಿ ಭಜನೆ. ಟ್ಯಾಕ್ಸಿಯಲ್ಲಿ ಹೋಗುವುದೆಂದು ತೀರ್ಮಾನವಾಗಿ, ಮಂಡಳಿಯೆಲ್ಲ ರೇಷ್ಮೆ ಸೀರೆಯಲ್ಲಿ ಗೇಟಿನ ಬಳಿ ಪೇಟಿ ಇಟ್ಟುಕೊಂಡು ನಿಂತಿತು. ನಮ್ಮ ಕಡೆ ಆಟೋರಿಕ್ಷಾ ಓಡುವುದಿಲ್ಲ. ಟ್ಯಾಕ್ಸಿಯವರಿಗೆ ಮಾಟುಂಗ ತೀರ ಹತ್ತಿರವಾಯಿತು, ಕೇಳಿದವರೆಲ್ಲ ತಲೆ ಅಲ್ಲಾಡಿಸಿ ಹೋದರು. ಮೊಬೈಲಿನಲ್ಲಿ ಕರೆದ ಗಾಡಿ ಇನ್ನೇನು ಬಂತು ಎನ್ನುತ್ತಲೇ ಕ್ಯಾನ್ಸಲ್ ಆಯಿತು. ಅಷ್ಟರಲ್ಲಿ ಮಳೆಹನಿ ಶುರುವಾಯಿತು. ಪದ್ಮಕ್ಕ ತಮ್ಮ ಕೊಡೆಯನ್ನು ಪೇಟಿಗೆ ಹಿಡಿದು ತಾವು ನೆನೆಯುತ್ತ ನಿಂತರು. "ಪೇಟಿಗೆ ನೀರು ಹೋದ್ರ ಸ್ವರಾನೆ ಹೊಂಡಂಗಿಲ್ರೀ" ಎಂದು ಅಳು ಬರುವಂತೆ ಹೇಳಿದರು.

ಸುಮಿತ್ರಾ ಒಮ್ಮೆ ಮಳೆಯನ್ನು ನೋಡಿದಳು, ಒಮ್ಮೆ ಪದ್ಮಕ್ಕನನ್ನು ನೋಡಿದಳು. ಮೇಲೆ ಹೋದವಳು ಕೀಲಿಕೈ ಹಿಡಿದು ಬಂದಳು. ಪೇಟಿ ಡಿಕ್ಕಿ ಸೇರಿತು, ಮೂವರು ಹಿಂದಿನ ಸೀಟು ಸೇರಿದರು. ನಾನು ಗೇಟಿನ ಹತ್ತಿರ ಓಡಿಹೋಗಿ, ಟ್ರಾಫಿಕ್ ಪೊಲೀಸರಂತೆ ಎರಡೂ ಕೈ ಎತ್ತಿ, "ಬರ್ಲಿ, ಬರ್ಲಿ, ಸ್ವಲ್ಪ ಎಡಕ್ಕ" ಎಂದು ಶುರುಮಾಡಿದೆ. ಅವಳು ಗಾಜು ಇಳಿಸಿ, "ನೀವು ಸುಮ್ಮ ದಾರಿ ಬಿಡ್ರಿ" ಎಂದಳು. ಬಿಟ್ಟೆ.

ಕಾರು ನನ್ನನ್ನು ದಾಟಿ ಗೇಟಿನಿಂದ ಹೊರಗೆ ತಿರುಗುವಾಗ ಬಲಗಡೆಯ ಹಿಂಬಾಗಿಲು ಗೇಟಿನ ಕಂಬಕ್ಕೆ ತಾಗಿತು. ಕರ್ರೆಂದು ಉದ್ದಕ್ಕೆ ಎಳೆದ ಆ ಸದ್ದು ಇಡೀ ಬಿಲ್ಡಿಂಗಿಗೆ ಕೇಳಿಸಿತು. ಗ್ಯಾಲರಿಗಳಲ್ಲಿ ತಲೆಗಳು ಕಂಡವು. ವಾಚ್‌ಮನ್ ಕಣ್ಣು ಮುಚ್ಚಿಕೊಂಡ. ಕಾರು ನಿಂತಿತು. ಸುಮಿತ್ರಾ ಕೆಳಗಿಳಿಯಲಿಲ್ಲ. ಬದಿಯ ಕನ್ನಡಿಯಲ್ಲಿ ಅವಳ ಕಣ್ಣು ನನ್ನ ಮುಖವನ್ನು ಹುಡುಕಿತು. ನನ್ನ ಮುಖವನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ನನಗೇ ತಿಳಿಯಲಿಲ್ಲ.

ಆಗ ಕಾರಿನೊಳಗಿಂದ ಪದ್ಮಕ್ಕನ ಗಾಬರಿಯ ದನಿ ಬಂತು. "ಅಯ್ಯ ಶಿವನ, ಪೇಟಿ ಒಡೀತೇನ?"

ಅವರ ತೊಡೆಯ ಪಕ್ಕದ ಬಾಗಿಲೇ ಒಳಗೆ ಬಂದಿತ್ತು. ಅವರಿಗೆ ಚಿಂತೆಯಾದದ್ದು ಡಿಕ್ಕಿಯಲ್ಲಿದ್ದ ಪೇಟಿಯದು. ನನಗೆ ನಗು ತಡೆಯಲಾಗಲಿಲ್ಲ. ಬಬ್ಬನ್, ಮಜ್ಜಿಗೆಯ ಬಿಳಿ, ಸುಣ್ಣದ ಬಿಳಿ, ಸ್ಟೂಲಿನ ಮೇಲೆ ಕೂತ ಅಷ್ಟೂ ಸಂಜೆಗಳು ಒಟ್ಟಿಗೆ ನೆನಪಾಗಿ, ಮಳೆಯಲ್ಲಿ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕೆ. ಕನ್ನಡಿಯಲ್ಲಿ ಸುಮಿತ್ರಾ ನೋಡುತ್ತಲೇ ಇದ್ದಳು.

"ಎಷ್ಟಾಗೇತ್ರಿ?" ಎಂದು ಕೂಗಿದಳು.

"ಭಾಳ ಆಗೇತಿ!"

"ಪೇಟಿ?"

ಡಿಕ್ಕಿ ತೆರೆದು ನೋಡಿ, ಮತ್ತೆ ಮುಚ್ಚಿದೆ. "ಪೇಟಿ ಅರಾಮ ಐತಿ."

"ಹಂಗಾರ ಹೊತ್ತಾತು" ಎಂದವಳೇ ಗೇರು ಹಾಕಿದಳು. ಕಾರು ರಸ್ತೆಗಿಳಿದು, ಒಂದು ಬಸ್ಸಿಗೆ ಹಾರ್ನ್ ಹೊಡೆದು, ಮಾಟುಂಗದ ಕಡೆ ಓಡಿತು. ತಾಳ ನನ್ನ ಜೇಬಿನಲ್ಲಿತ್ತು, ನಾನು ಗೇಟಿನಲ್ಲಿದ್ದೆ. ಹಿಂದಿನ ಗಾಜಿನಲ್ಲಿ ಪದ್ಮಕ್ಕ ತಿರುಗಿ, ನನ್ನ ಕಡೆ ಕೈ ತೋರಿಸುತ್ತ, "ಅಣ್ಣಾರು ಉಳದ್ರು, ಅಣ್ಣಾರು ಉಳದ್ರು!" ಎಂದು ಸುಮಿತ್ರಾಳ ಭುಜ ತಟ್ಟುತ್ತಿದ್ದುದು ಕಂಡಿತು.

ಅವಳು ನಿಲ್ಲಿಸಲಿಲ್ಲ. ನಿಲ್ಲಿಸಿದ್ದರೆ ನನಗೇ ಬೇಸರವಾಗುತ್ತಿತ್ತು.